ಮೊದಲು ಬಾಟಲಿಯ ಕತ್ತು ನೋಡಿ, ಲೇಬಲ್ ಆಮೇಲೆ

ಚಿಕ್ಕಪೇಟೆಯ ಸಂಡೇ ಬಜಾರ್‌ಗೆ ಬೆಳಗ್ಗೆ ಏಳಕ್ಕೆ ಹೋದರೆ ಸಿಗುವ ಸಾಮಾನೇ ಬೇರೆ, ಹತ್ತಕ್ಕೆ ಹೋದರೆ ಸಿಗುವುದೇ ಬೇರೆ. ಏಳಕ್ಕೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಇನ್ನೂ ಗೋಣಿಚೀಲ ಹಾಸಿ ಸುರಿಯುತ್ತಿರುತ್ತಾರೆ. ರೆಕ್ಕೆ ಮುರಿದ ಟೇಬಲ್ ಫ್ಯಾನ್, ಒಂಟಿ ಶೂ, ಮುಳ್ಳಿಲ್ಲದ ಗಡಿಯಾರ, ಯಾವ ಟೀವಿಗೂ ಆಗದ ರಿಮೋಟುಗಳ ಗುಡ್ಡೆ. ಅಂಥ ಒಂದು ಗುಡ್ಡೆಯ ಅಡಿಯಲ್ಲಿ ನನಗೊಂದು ಬಾಟಲಿ ಸಿಕ್ಕಿತು. ತಿಳಿ ಹಸಿರು ನೀಲಿ ಬಣ್ಣ, ಚೌಕ ಮೈ, ತುಂಬಾ ಮಣ್ಣು. ಹೆಬ್ಬೆರಳಿನಲ್ಲಿ ಉಜ್ಜಿದಾಗ ಉಬ್ಬು ಅಕ್ಷರ ಕೈಗೆ ಹತ್ತಿತು: ಈನೋಸ್ ಫ್ರೂಟ್ ಸಾಲ್ಟ್.

"ಬ್ರಿಟಿಷ್ ಕಾಲದ್ದು ಸಾರ್, ಐನೂರು" ಅಂದ ಮಾರುವವನು. ನೂರೈವತ್ತಕ್ಕೆ ಇಳಿದ.

ಹೌದು, ಅದೇ ಈನೋ. ರವೆ ಇಡ್ಲಿ ಹಿಟ್ಟಿಗೆ ಕೊನೇ ಗಳಿಗೆಯಲ್ಲಿ ಹಾಕಿ ಬುಸ್ಸೆನ್ನಿಸುತ್ತೇವಲ್ಲ, ಅದೇ. ಇಂಗ್ಲೆಂಡಿನ ನ್ಯೂಕ್ಯಾಸಲ್ ಎಂಬ ಬಂದರು ಪಟ್ಟಣದಲ್ಲಿ ಜೇಮ್ಸ್ ಕ್ರಾಸ್ಲಿ ಈನೋ ಅನ್ನುವ ಔಷಧಿ ಅಂಗಡಿಯವನು 1850ರ ದಶಕದಲ್ಲಿ ಶುರು ಮಾಡಿದ ಪುಡಿ ಅದು. ಹಡಗಿನ ಜನ ಅವನ ಗಿರಾಕಿಗಳು. ಹಡಗು ಹೋದ ಕಡೆಯೆಲ್ಲ ಪುಡಿಯೂ ಹೋಯಿತು.

ಆದರೆ "ಬ್ರಿಟಿಷ್ ಕಾಲದ್ದು" ಅನ್ನುವ ಮಾತನ್ನು ನಮ್ಮ ಗುಜರಿ ಬಜಾರಿನಲ್ಲಿ ಪ್ಲಾಸ್ಟಿಕ್ ಬಕೆಟ್ಟಿಗೂ ಹೇಳುತ್ತಾರೆ. ನನ್ನ ಕೈಯಲ್ಲಿದ್ದ ಬಾಟಲಿ ನಿಜಕ್ಕೂ ಅಷ್ಟು ಹಳೇದಾ? ಅದನ್ನು ಬಾಟಲಿಯನ್ನೇ ಕೇಳಬೇಕು. ಕೇಳುವ ಬಗೆಯನ್ನೇ ಇಲ್ಲಿ ಹೇಳಹೊರಟಿದ್ದೇನೆ. ಅದಕ್ಕೂ ಮುಂಚೆ, ಈನೋದಂತೆ ಹೆಸರಿಟ್ಟು ಮಾರುತ್ತಿದ್ದ ಪೇಟೆಂಟ್ ಔಷಧಿ ಅಂದರೆ ಏನು ಅನ್ನುವುದು ತಿಳಿದಿರಬೇಕು.

ಪೇಟೆಂಟ್ ಇಲ್ಲದ ಪೇಟೆಂಟ್

ಆ ಹೆಸರೇ ಮೊದಲ ಸುಳ್ಳು. ಹಿಂದೆ ಇಂಗ್ಲೆಂಡಿನ ದೊರೆಗಳು ತಮಗೆ ಬೇಕಾದವರಿಗೆ, ಈ ಸರಕನ್ನು ನೀವೊಬ್ಬರೇ ಮಾರಬಹುದು ಅಂತ ಹಕ್ಕು ಕೊಟ್ಟು ಸನ್ನದು ಬರೆದುಕೊಡುತ್ತಿದ್ದರು. ಆ ಸನ್ನದಿನ ಇಂಗ್ಲಿಷ್ ಹೆಸರಿನಿಂದ ಬಂದದ್ದು ಪೇಟೆಂಟ್ ಅನ್ನುವ ಮಾತು. ಕೆಲವು ಔಷಧಿಯವರು ನಿಜವಾಗಲೂ ಪೇಟೆಂಟ್ ಪಡೆದಿದ್ದರು. 1712ರಲ್ಲಿ ರಿಚರ್ಡ್ ಸ್ಟೌಟನ್ ಅನ್ನುವವನು ತನ್ನ ಎಲಿಕ್ಸಿರ್‌ಗೆ ಪಡೆದ. ಆದರೆ ಕಾನೂನು ಬಿಗಿಯಾದ ಮೇಲೆ ಪೇಟೆಂಟ್ ಬೇಕಿದ್ದರೆ ಒಳಗೆ ಏನೇನು ಹಾಕಿದ್ದೀರಿ ಅಂತ ಬರೆದುಕೊಡಬೇಕಾಯಿತು. ಕೆಲವು ವರ್ಷವಾದ ಮೇಲೆ ಆ ಹಕ್ಕೂ ಮುಗಿಯುತ್ತದೆ. ತಲೆಮಾರಿನಿಂದ ಬಂದ ಸಾಂಬಾರ್ ಪುಡಿಯ ಲೆಕ್ಕವನ್ನು ಹೋಟೆಲಿನವನು ಬೋರ್ಡಿನ ಮೇಲೆ ಬರೆದು ಹಾಕುತ್ತಾನಾ? ಇವರೂ ಹಾಕಲಿಲ್ಲ. ಬಹುತೇಕ ಪೇಟೆಂಟ್ ಔಷಧಿಗಳಿಗೆ ಪೇಟೆಂಟೇ ಇರಲಿಲ್ಲ. ಅವರು ಭದ್ರ ಮಾಡಿಕೊಂಡದ್ದು ಹೆಸರು, ಲೇಬಲ್ಲಿನ ಮೇಲಿನ ಮುಖ, ಬಾಟಲಿಯ ಆಕಾರ. ದ್ರವ ಗುಟ್ಟಾಗಿ ಉಳಿಯಿತು.

ಹೆಸರು ಮಾತ್ರ ಗಟ್ಟಿಯಾಗಿ ನಿಂತಿತು. ನಮ್ಮ 1940ರ ಔಷಧಿ ಕಾಯ್ದೆಯಲ್ಲೂ "ಪೇಟೆಂಟ್ ಅಥವಾ ಪ್ರೊಪ್ರೈಟರಿ ಔಷಧಿ" ಅಂತಲೇ ಇದೆ.

ಗುಟ್ಟಿನ ವ್ಯಾಪಾರದಲ್ಲಿ ಬಾಟಲಿಗೆ ಎಷ್ಟು ಬೆಲೆ ಬರುತ್ತದೆ ಅನ್ನುವುದಕ್ಕೆ ರಾಬರ್ಟ್ ಟರ್ಲಿಂಗ್ಟನ್ ಕಥೆ ಸಾಕು. 1744ರಲ್ಲಿ ಅವನು ತನ್ನ 'ಜೀವದ ಬಾಲ್ಸಮ್'ಗೆ ಪೇಟೆಂಟ್ ಪಡೆದ. ನಕಲಿ ಮಾಡುವವರ ಕಾಟ ತಡೆಯಲಾರದೆ 1754ರಲ್ಲಿ ಪೇರಳೆ ಹಣ್ಣಿನ ಆಕಾರದ, ಮೈತುಂಬ ಅಕ್ಷರ ಉಬ್ಬಿಸಿದ ಬಾಟಲಿ ಮಾಡಿಸಿದ. ನಕಲಿಯವರು ಸುಮ್ನಿರ್ತಾರಾ? ಆ ಬಾಟಲಿಯನ್ನೇ ನಕಲು ಮಾಡಿದರು. ಅಮೆರಿಕದಲ್ಲಿ ಖಾಲಿ ಟರ್ಲಿಂಗ್ಟನ್ ಬಾಟಲಿಗಳೇ ಬೇರೆಯಾಗಿ ಮಾರಾಟವಾದವು. ಕೊಂಡವರು ತಮಗೆ ತೋಚಿದ್ದನ್ನು ತುಂಬಿಕೊಂಡರು. ಖಾಲಿ ಸ್ಕಾಚ್ ಬಾಟಲಿಗೆ ನಮ್ಮ ಗುಜರಿ ಅಂಗಡಿಯಲ್ಲಿ ಯಾಕೆ ಒಳ್ಳೇ ರೇಟು ಅಂತ ಯೋಚಿಸಿದವರಿಗೆ ಇದು ಹೊಸ ವಿಷಯವೇನಲ್ಲ.

ಒಳಗೆ ಇದ್ದದ್ದು

ನಮ್ಮ ಕಡೆಗೂ ಸಂಬಂಧವಿರುವ ಒಂದನ್ನು ತೆಗೆದುಕೊಳ್ಳೋಣ. ಡಾಕ್ಟರ್ ಜೆ. ಕಾಲಿಸ್ ಬ್ರೌನ್ ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ವೈದ್ಯ. ಕಾಲರಾಕ್ಕೆ ಅಂತ 1848ರ ಹೊತ್ತಿಗೆ ಅವನು ಒಂದು ಮಿಶ್ರಣ ಮಾಡಿದ. ಹೆಸರು ಕ್ಲೋರೋಡೈನ್. ಅದರಲ್ಲಿ ಮುಖ್ಯವಾಗಿ ಇದ್ದದ್ದು ಮೂರು: ಸಾರಾಯಿಯಲ್ಲಿ ಕರಗಿಸಿದ ಅಫೀಮು, ಗಾಂಜಾ ಸತ್ವ, ಕ್ಲೋರೋಫಾರ್ಮ್. ಕೆಮ್ಮಿಗೂ ಅದೇ, ಭೇದಿಗೂ ಅದೇ, ನಿದ್ದೆ ಬಾರದಿದ್ದರೂ ಅದೇ.

ಇದು ಕೆಲಸ ಮಾಡುತ್ತಿರಲಿಲ್ಲ ಅಂದುಕೊಳ್ಳಬೇಡಿ. ಅಫೀಮು ಕರುಳಿನ ಓಟವನ್ನು ನಿಧಾನ ಮಾಡುತ್ತದೆ, ಕೆಮ್ಮನ್ನು ಅಡಗಿಸುತ್ತದೆ, ನೋವನ್ನು ಮರೆಸುತ್ತದೆ. ಕುಡಿದವರಿಗೆ ನಿಜವಾಗಲೂ ಹಾಯೆನಿಸುತ್ತಿತ್ತು. ರೋಗ ಇದ್ದಲ್ಲೇ ಇರುತ್ತಿತ್ತು, ಜೊತೆಗೆ ಚಟವೊಂದು ಅಂಟುತ್ತಿತ್ತು. ಪೇಟೆಂಟ್ ಔಷಧಿಗಳನ್ನೆಲ್ಲ ಒಟ್ಟಿಗೆ "ಬೂದಿ, ಬಣ್ಣದ ನೀರು" ಅಂತ ತಳ್ಳಿಹಾಕುವವರು ಈ ಮಾತನ್ನು ಮರೆಯುತ್ತಾರೆ. ಬಣ್ಣದ ನೀರಾಗಿದ್ದರೆ ಇಷ್ಟು ಜನ ಸಾಯುತ್ತಿರಲಿಲ್ಲ.

ಮಕ್ಕಳಿಗೆ ಹಲ್ಲು ಬರುವಾಗ ಕೊಡಿ ಅಂತ ಅಮೆರಿಕದ 'ಮಿಸೆಸ್ ವಿನ್ಸ್ಲೋಸ್ ಸೂದಿಂಗ್ ಸಿರಪ್' 1849ರಿಂದ ಮಾರಾಟವಾಯಿತು. ಅದರಲ್ಲಿ ಅಫೀಮಿನಿಂದ ತೆಗೆದ ಮಾರ್ಫಿನ್ ಇತ್ತು. ಮಗು ಅಳು ನಿಲ್ಲಿಸಿ ಮಲಗುತ್ತಿತ್ತು. ಕೆಲವು ಮಕ್ಕಳು ಏಳಲೇ ಇಲ್ಲ. ಹೋಸ್ಟೆಟರ್ಸ್ ಬಿಟರ್ಸ್ ಎಂಬ ಹೊಟ್ಟೆಯ ಔಷಧಿಯಲ್ಲಿ ಒಂದು ಕಾಲಕ್ಕೆ ಶೇಕಡಾ 47ರಷ್ಟು ಆಲ್ಕೋಹಾಲ್ ಇತ್ತು. ನಮ್ಮ ವೈನ್ ಶಾಪಿನ ವಿಸ್ಕಿ ಬಾಟಲಿಯ ಮೇಲೆ ಬರೆದಿರುವುದು 42.8. ಮದ್ಯಪಾನ ಮಹಾಪಾಪ ಅನ್ನುತ್ತಿದ್ದ ಮನೆಗಳಲ್ಲೂ ಈ ಬಾಟಲಿ ದೇವರ ಗೂಡಿನ ಪಕ್ಕದಲ್ಲೇ ಇತ್ತು ಅಂದರೆ ಆಶ್ಚರ್ಯವಿಲ್ಲ, ಅದು ಔಷಧಿ ಅಲ್ವಾ.

ಜನ ಯಾಕೆ ಕೊಳ್ಳುತ್ತಿದ್ದರು ಅಂತ ಈಗ ಕೂತು ನಗುವುದು ಸುಲಭ. ಬೆಂಗಳೂರಿಗೆ 1898ರಲ್ಲಿ ಪ್ಲೇಗ್ ಬಂದಾಗ ವಿಕ್ಟೋರಿಯಾ ಆಸ್ಪತ್ರೆ ಇನ್ನೂ ಶುರುವಾಗಿರಲಿಲ್ಲ, ಅದು ತೆರೆದದ್ದು 1900ರಲ್ಲಿ. ಡಾಕ್ಟರು ಕಮ್ಮಿ, ಭಯ ಜಾಸ್ತಿ. ಪ್ಲೇಗಮ್ಮನ ಗುಡಿಗಳು ಈ ಊರಲ್ಲಿ ಈಗಲೂ ಇವೆ. ದೇವಿಗೆ ಹರಕೆ ಹೊತ್ತ ಕೈಯೇ ಪೇಪರಿನಲ್ಲಿ ನೋಡಿದ ಬಾಟಲಿಗೂ ಚಾಚಿದರೆ ತಪ್ಪು ಹೇಳುವುದು ಹೇಗೆ?

ಗಾಜನ್ನು ಓದುವುದು

ಈಗ ಬಾಟಲಿಗೆ ಬರೋಣ. ಲೇಬಲ್ ಮೇಲೆ ಏನು ಬೇಕಾದರೂ ಬರೆಯಬಹುದು. ಗಾಜು ಹೇಗೆ ತಯಾರಾಯಿತು ಅನ್ನುವುದನ್ನು ಮಾತ್ರ ಬಾಟಲಿ ಬಚ್ಚಿಡಲಾರದು. ನಾನು ಬಾಟಲಿಯನ್ನು ಬುಡದಿಂದ ಬಾಯಿಯ ಕಡೆಗೆ ನೋಡುತ್ತೇನೆ.

ಬುಡದಲ್ಲಿ ಒರಟಾದ, ಉಂಗುರದಂಥ ಗಾಯದ ಗುರುತು ಇದ್ದರೆ ಅದು ಪಾಂಟಿಲ್ ಗುರುತು. ಬಾಯಿ ರೂಪಿಸುವಾಗ ಬಿಸಿ ಬಾಟಲಿಯನ್ನು ಹಿಡಿದುಕೊಳ್ಳಲು ಬುಡಕ್ಕೆ ಒಂದು ಕಬ್ಬಿಣದ ಸಲಾಕೆ ಅಂಟಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಟಕ್ಕನೆ ಮುರಿಯುತ್ತಿದ್ದರು. ಆ ಮುರಿದ ಜಾಗವೇ ಗಾಯ. 1860ರ ಆಚೀಚೆ ಬಾಟಲಿಯನ್ನು ಇಕ್ಕಳದಂತೆ ಹಿಡಿಯುವ ಸಾಧನ ಬಂದ ಮೇಲೆ ಈ ಗುರುತು ಕಮ್ಮಿಯಾಯಿತು. ಪಾಂಟಿಲ್ ಗುರುತಿನ ಔಷಧಿ ಬಾಟಲಿ ಬೆಂಗಳೂರಿನ ರಸ್ತೆಬದಿಯಲ್ಲಿ ನನಗೆ ಇವತ್ತಿನವರೆಗೆ ಸಿಕ್ಕಿಲ್ಲ.

ಮೈ ಮೇಲೆ ಎರಡು ಕಡೆ ನವಿರಾದ ಗೆರೆ ಓಡಿರುತ್ತದೆ. ಎರಡು ಹೋಳಿನ ಅಚ್ಚಿನೊಳಗೆ ಗಾಜನ್ನು ಊದಿದಾಗ ಹೋಳುಗಳು ಕೂಡುವ ಜಾಗದಲ್ಲಿ ಮೂಡುವ ಗೆರೆ. ಇಡ್ಲಿ ತಟ್ಟೆಯ ತೂತಿನ ಗುರುತು ಇಡ್ಲಿಯ ಬೆನ್ನಿಗೆ ಮೂಡುವುದಿಲ್ಲವೇ, ಹಾಗೆ. ಈ ಗೆರೆಯನ್ನು ಉಗುರಿನಿಂದ ಹಿಡಿದು ಮೇಲಕ್ಕೆ ಹೋಗಿ. ಎಲ್ಲಿ ನಿಲ್ಲುತ್ತದೆ ಅನ್ನುವುದೇ ಇಡೀ ಆಟ.

ಕೈಯಲ್ಲಿ ಮಾಡುವ ಕಾಲದಲ್ಲಿ ಬಾಟಲಿಯ ಮೈಯನ್ನು ಅಚ್ಚಿನಲ್ಲಿ ಊದಿ, ಊದುಕೊಳವೆಯಿಂದ ಬಿಡಿಸಿ, ಬಾಯಿಯನ್ನು ಬೇರೆಯಾಗಿ ಉಪಕರಣ ತಿರುಗಿಸಿ ತೀಡುತ್ತಿದ್ದರು. ತೀಡಿದಾಗ ಅಲ್ಲಿನ ಗೆರೆ ಅಳಿಸಿಹೋಗುತ್ತಿತ್ತು. ಹಾಗಾಗಿ ಗೆರೆ ಕತ್ತಿನಲ್ಲಿ, ಬಾಯಿಯ ಕೆಳಗೇ ನಿಂತುಬಿಡುತ್ತದೆ. ಅಮೆರಿಕದ ಮೈಕೇಲ್ ಓವೆನ್ಸ್ 1903ರ ಹೊತ್ತಿಗೆ ಪೂರ್ತಿ ಸ್ವಯಂಚಾಲಿತ ಬಾಟಲಿ ಯಂತ್ರ ತಂದ. ಅದು ಬಾಯಿ, ಕತ್ತು, ಮೈ ಎಲ್ಲವನ್ನೂ ಅಚ್ಚಿನಲ್ಲೇ ಮಾಡಿತು. ಅದರ ಗೆರೆ ಬಾಯಿಯ ಅಂಚನ್ನೂ ದಾಟಿ ಮೇಲೆ ಹೋಗುತ್ತದೆ. ಈಗಿನ ಕೆಚಪ್ ಬಾಟಲಿಯೊಂದನ್ನು ಕೈಗೆತ್ತಿಕೊಂಡು ನೋಡಿ, ಗೊತ್ತಾಗುತ್ತದೆ.

ನನ್ನ ಈನೋ ಬಾಟಲಿಯಲ್ಲಿ ಗೆರೆ ಭುಜ ಹತ್ತಿ, ಕತ್ತಿನ ಅರ್ಧಕ್ಕೆ ಬಂದು, ಅಲ್ಲಿಂದ ಮಾಯ. ಬಾಯಿಯ ಸುತ್ತ ಬಟ್ಟೆ ಹಿಂಡಿದಂತೆ ಸಣ್ಣ ಸುರುಳಿ ಗೀಟುಗಳು. ಗಾಜಿನೊಳಗೆ ಜೀರಿಗೆ ಕಾಳಿನಷ್ಟು ಉದ್ದದ ಗುಳ್ಳೆಗಳು ನಾಲ್ಕೈದು. ಒಂದು ಪಕ್ಕದ ಗಾಜು ದಪ್ಪ, ಇನ್ನೊಂದು ತೆಳು, ಮೇಜಿನ ಮೇಲಿಟ್ಟರೆ ಸ್ವಲ್ಪ ವಾಲುತ್ತದೆ. ಕೈಕೆಲಸದ ಬಾಟಲಿ. ಬುಡದಲ್ಲಿ ಪಾಂಟಿಲ್ ಇಲ್ಲ. ಅಂದರೆ ಸುಮಾರು 1870ರಿಂದ 1920ರ ನಡುವಿನದು. ಬಜಾರಿನವನು ಆ ಒಂದು ಸಲ ನಿಜ ಹೇಳಿದ್ದ.

ಒಂದು ಎಚ್ಚರಿಕೆ. ಓವೆನ್ಸ್ ಯಂತ್ರ ಬಂದ ಮಾರನೇ ದಿನವೇ ಲೋಕದ ಊದುಕೊಳವೆಗಳೆಲ್ಲ ಮೂಲೆ ಸೇರಲಿಲ್ಲ. ಜನರಿಂದ ಒಂದೊಂದು ಪೈಸೆ ಸೇರಿಸಿದ ನಿಧಿಯಿಂದ ತಳೇಗಾಂವ್‌ನಲ್ಲಿ ಪೈಸಾ ಫಂಡ್ ಗಾಜಿನ ಕಾರ್ಖಾನೆ ಶುರುವಾದದ್ದೇ 1908ರಲ್ಲಿ, ಸ್ವದೇಶಿ ಚಳವಳಿಯ ಬಿಸಿಯಲ್ಲಿ. ಸಣ್ಣ ಕಾರ್ಖಾನೆಗಳಲ್ಲಿ ಕೈಕೆಲಸ ಬಹಳ ಕಾಲ ನಡೆಯಿತು. ಅದಕ್ಕೇ ನಮ್ಮ ದೇಶದ ಬಾಟಲಿಗೆ ಅಮೆರಿಕದ ತಾರೀಕುಪಟ್ಟಿಯನ್ನು ಹಾಗೇ ಹಚ್ಚಬಾರದು.

ಇನ್ನು ಬಣ್ಣ. ಮರಳಿನಲ್ಲಿರುವ ಕಬ್ಬಿಣದ ಅಂಶದಿಂದ ಗಾಜಿಗೆ ತಾನಾಗೇ ತಿಳಿ ಹಸಿರು ನೀಲಿ ಬರುತ್ತದೆ. ಬೆಳಕು ಬಿದ್ದರೆ ಕೆಡುವ ಔಷಧಿಗೆ ಕಂದು ಗಾಜು. ವಿಷಕ್ಕೆ ಕಡುನೀಲಿ ಅಥವಾ ಹಸಿರು ಗಾಜು, ಮೈಮೇಲೆ ಏಣುಗಳು. ಕತ್ತಲಲ್ಲಿ ತಡವಿದರೂ ಬೆರಳಿಗೆ ಗೊತ್ತಾಗಲಿ ಅಂತ ಆ ಏಣು. ಕರೆಂಟಿಲ್ಲದ ಕಾಲ, ಬೆಂಗಳೂರಿಗೆ ಶಿವನಸಮುದ್ರದ ವಿದ್ಯುತ್ ಬಂದದ್ದೇ 1905ರಲ್ಲಿ.

ಬಿಳಿ ಗಾಜು ಬೇಕಾದಾಗ ಆ ಹಸಿರನ್ನು ಕಳೆಯಲು ಮ್ಯಾಂಗನೀಸ್ ಹಾಕುತ್ತಿದ್ದರು. ಇದರಲ್ಲೊಂದು ತಮಾಷೆ ಇದೆ. ಅಂಥ ಗಾಜು ವರ್ಷಗಟ್ಟಲೆ ಬಿಸಿಲು ತಿಂದರೆ ತೆಳುವಾಗಿ ನೇರಳೆಗೆ ತಿರುಗುತ್ತದೆ. ಮೊದಲ ಮಹಾಯುದ್ಧದ ಹೊತ್ತಿಗೆ ಮ್ಯಾಂಗನೀಸ್ ಬಳಕೆ ಇಳಿದದ್ದರಿಂದ, ತಿಳಿನೇರಳೆ ಬಾಟಲಿ ಅಂದರೆ ಹಳೇದು ಅಂತ ಸಂಗ್ರಾಹಕರ ಲೆಕ್ಕ. ಲೆಕ್ಕ ಗೊತ್ತಾದದ್ದು ಸಂಗ್ರಾಹಕರಿಗೆ ಮಾತ್ರ ಅಲ್ಲ, ಮಾರುವವರಿಗೂ ಗೊತ್ತಾಯಿತು. ಬಾಟಲಿಗೆ ವಿಕಿರಣ ಹಾಯಿಸಿ ರಾತ್ರೋರಾತ್ರಿ ನೇರಳೆ ಮಾಡುವವರಿದ್ದಾರೆ. ನಾನೂ ಒಂದಕ್ಕೆ 1,800 ರೂಪಾಯಿ ಕೊಟ್ಟೆ. ನೇರಳೆ ಹಣ್ಣಿನ ಸಿಪ್ಪೆಯಷ್ಟು ಗಾಢ ಬಣ್ಣ, ನೋಡಿ ಮರುಳಾದೆ. ಮನೆಗೆ ಬಂದು ಉಗುರು ಓಡಿಸಿದರೆ ಗೆರೆ ಬಾಯಿ ದಾಟಿ ಹೋಗಿತ್ತು! ಬಣ್ಣ ನೋಡುವ ಆತುರದಲ್ಲಿ ಕತ್ತು ನೋಡುವುದನ್ನೇ ಬಿಟ್ಟಿದ್ದೆ. ಈಗ ಅದರಲ್ಲಿ ಮನಿಪ್ಲಾಂಟ್ ಇದೆ.

ಅಂಗೈಯಲ್ಲಿ ವೈಕುಂಠ

ಲೇಬಲ್ ಮತ್ತು ಜಾಹೀರಾತಿಗೆ ಬಂದರೆ, ನನಗೆ ಬಾಟಲಿಗಿಂತ ಇದರಲ್ಲೇ ರುಚಿ ಜಾಸ್ತಿ.

ಬೀಚಮ್ಸ್ ಪಿಲ್ಸ್ ಡಬ್ಬಿಯ ಬೆಲೆ 1 ಶಿಲ್ಲಿಂಗ್ 1½ ಪೆನ್ನಿ. ಬಾಟಾ ಚಪ್ಪಲಿಯ ಬೆಲೆಯಂತೆ ಈ ವಿಚಿತ್ರ ಲೆಕ್ಕ ಯಾಕೆ? 1½ ಪೆನ್ನಿ ಸರ್ಕಾರದ ತೆರಿಗೆ. ಬ್ರಿಟನ್ನಿನಲ್ಲಿ 1783ರಿಂದ 1941ರವರೆಗೆ ಇಂಥ ಔಷಧಿಗಳ ಮೇಲೆ ಸ್ಟ್ಯಾಂಪ್ ಸುಂಕವಿತ್ತು. ಡಬ್ಬಿಯ ಮುಚ್ಚಳದ ಮೇಲೆ ಸರ್ಕಾರದ ಚೀಟಿ ಅಂಟಿಸಬೇಕಿತ್ತು. ಅದು ಬರೀ ತೆರಿಗೆ ರಸೀದಿ. ಆದರೆ ಕಂಪನಿಗಳು "ಸರ್ಕಾರಿ ಮುದ್ರೆ ನೋಡಿ ಕೊಳ್ಳಿ" ಅಂತ ಪ್ರಚಾರ ಮಾಡಿದವು. ಜನ ಅದನ್ನು ಸರ್ಕಾರದ ಒಪ್ಪಿಗೆ ಅಂದುಕೊಂಡರು. 1909ರಲ್ಲಿ ಬ್ರಿಟಿಷ್ ವೈದ್ಯರ ಸಂಘ ಹಲವು ಗುಟ್ಟಿನ ಔಷಧಿಗಳನ್ನು ಪರೀಕ್ಷೆ ಮಾಡಿಸಿ ಪುಸ್ತಕವಾಗಿ ಪ್ರಕಟಿಸಿತು. ಬೀಚಮ್ಸ್‌ನಲ್ಲಿ ಸಿಕ್ಕಿದ್ದು ಲೋಳೆಸರದ ಒಣಗಿಸಿದ ರಸ, ಶುಂಠಿ, ಸಾಬೂನು. 56 ಗುಳಿಗೆಗಳ ಡಬ್ಬಿಯ ಸರಕಿಗೆ ತಗಲುವ ಖರ್ಚು ಅರ್ಧ ಫಾರ್ದಿಂಗ್, ಅಂದರೆ ಪೆನ್ನಿಯ ಎಂಟನೇ ಒಂದು ಭಾಗ. ಮಾರುವ ಬೆಲೆ ಅದರ ನೂರು ಪಟ್ಟು. ಆ ಬೆಲೆಯಲ್ಲಿ ಜಾಹೀರಾತಿಗೆ ಹೋಗುತ್ತಿದ್ದ ಪಾಲೇ ದೊಡ್ಡದು.

ಕ್ಲೋರೋಡೈನ್‌ನವರು ಇನ್ನೂ ಜಾಣರು. ಫ್ರೀಮನ್ ಅನ್ನುವ ಎದುರಾಳಿ ತಾನೇ ಅದರ ಜನಕ ಅಂದ. ಕೋರ್ಟಿನಲ್ಲಿ ನ್ಯಾಯಾಧೀಶ ಪೇಜ್ ವುಡ್, ಕಂಡುಹಿಡಿದವನು ಬ್ರೌನ್ ಅನ್ನುವುದರಲ್ಲಿ ಸಂಶಯವಿಲ್ಲ ಅಂದರು. 1864ರ ಈ ಮಾತನ್ನು ಕಂಪನಿ ದಶಕಗಟ್ಟಲೆ ಜಾಹೀರಾತಿನಲ್ಲಿ ಅಚ್ಚು ಹಾಕಿತು. ನ್ಯಾಯಾಧೀಶರು ಹೇಳಿದ್ದು ಕಂಡುಹಿಡಿದವನು ಯಾರು ಅಂತ. ಓದಿದವರ ಮನಸ್ಸಿಗೆ ಹತ್ತಿದ್ದು, ಕೋರ್ಟೇ ಒಳ್ಳೇ ಔಷಧಿ ಅಂದಿದೆ ಅಂತ.

ಅಮೆರಿಕದ ಲಿಡಿಯಾ ಪಿಂಕಮ್ ಕಥೆ ಮಾತ್ರ ನನ್ನನ್ನು ಬಿಡದು. 1875ರಲ್ಲಿ ಮನೆಯ ಕಷ್ಟಕ್ಕೆ ಆಕೆ ಹೆಂಗಸರ ತೊಂದರೆಗಳಿಗೆ ಅಂತ ಗಿಡಮೂಲಿಕೆಯ ಔಷಧಿ ಮಾರಲು ಶುರು ಮಾಡಿದಳು. ಲೇಬಲ್ ಮೇಲೆ ಅವಳದೇ ಮುಖ. ಬೈತಲೆ ತೆಗೆದು ಬಾಚಿದ ಕೂದಲು, ಶಾಂತ ಕಣ್ಣು, ಪಕ್ಕದ ಮನೆ ಅಜ್ಜಿಯಂತೆ. ಒಳಗೆ ಶೇಕಡಾ 18ರಷ್ಟು ಆಲ್ಕೋಹಾಲ್. "ಗಂಡಸು ಡಾಕ್ಟರ ಹತ್ತಿರ ಹೇಳಲಾಗದ್ದನ್ನು ಪಿಂಕಮ್ ಅಮ್ಮನಿಗೆ ಬರೆಯಿರಿ" ಎಂಬ ಧಾಟಿಯ ಜಾಹೀರಾತು. ಸಾವಿರಾರು ಹೆಂಗಸರು ಬರೆದರು, ಉತ್ತರವೂ ಬಂತು. ಆಕೆ 1883ರಲ್ಲಿ ತೀರಿಕೊಂಡಳು. ಪತ್ರಕ್ಕೆ ಕರೆಯುವುದು ನಿಲ್ಲಲಿಲ್ಲ. ಕೊನೆಗೆ 1905ರಲ್ಲಿ ಒಂದು ಮಹಿಳಾ ಪತ್ರಿಕೆ ಅವಳ ಗೋರಿಕಲ್ಲಿನ ಫೋಟೋವನ್ನೇ ಅಚ್ಚು ಹಾಕಿತು. ಆದರೂ ಆ ಹೆಂಗಸರು ಬರೆದ ಕಷ್ಟಗಳು ನಿಜವಾಗಿದ್ದವು, ಕೇಳುವವರು ಬೇರೆ ಯಾರೂ ಇರಲಿಲ್ಲ. ಮೋಸ ಅಂತ ಒಂದೇ ಮಾತಿನಲ್ಲಿ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ.

ಲಾ ಕಾಲೇಜಿನಲ್ಲಿ ಓದಿದವರಿಗೆ ಈ ಲೋಕದ ಒಂದು ಸಾಮಾನು ಆಗಲೇ ಗೊತ್ತು, ಕಾರ್ಬಾಲಿಕ್ ಸ್ಮೋಕ್ ಬಾಲ್. ರಬ್ಬರ್ ಚೆಂಡು, ಒಳಗೆ ಕಾರ್ಬಾಲಿಕ್ ಪುಡಿ, ಹಿಚುಕಿ ಮೂಗಿಗೆ ಎಳೆದುಕೊಳ್ಳಬೇಕು. ಬಳಸಿಯೂ ಫ್ಲೂ ಬಂದರೆ 100 ಪೌಂಡ್ ಕೊಡುತ್ತೇವೆ, ಬ್ಯಾಂಕಿನಲ್ಲಿ 1,000 ಪೌಂಡ್ ಇಟ್ಟಿದ್ದೇವೆ ಅಂತ 1891ರಲ್ಲಿ ಜಾಹೀರಾತು. ಕಾರ್ಲಿಲ್ ಎಂಬಾಕೆ ಬಳಸಿದಳು, ಫ್ಲೂ ಬಂತು, ದುಡ್ಡು ಕೇಳಿದಳು. "ಅದು ಸುಮ್ನೆ ಜಾಹೀರಾತು" ಅಂತ ಕಂಪನಿ ವಾದಿಸಿತು. ಕೋರ್ಟು ಒಪ್ಪಲಿಲ್ಲ, ಆಕೆ ಗೆದ್ದಳು. ಕರಾರು ಕಾನೂನಿನ ಮೊದಲ ಪಾಠವಾಗಿ ಇವತ್ತಿಗೂ ನಮ್ಮ ಮಕ್ಕಳು ಅದನ್ನು ಉರು ಹೊಡೆಯುತ್ತಾರೆ.

ಅಮೆರಿಕದಲ್ಲಿ 1906ರ ಕಾಯ್ದೆ ಬಂದ ಮೇಲೆ ಆಲ್ಕೋಹಾಲ್, ಅಫೀಮು, ಮಾರ್ಫಿನ್ ಇತ್ಯಾದಿ ಇದ್ದರೆ ಲೇಬಲ್ಲಿನಲ್ಲಿ ಹೇಳಲೇಬೇಕಾಯಿತು. ಸುಳ್ಳು ಭರವಸೆಗೆ 1912ರ ತಿದ್ದುಪಡಿ ಕಡಿವಾಣ ಹಾಕಿತು. ಸಂಗ್ರಾಹಕರಿಗೆ ಇದು ವರ ಆಯಿತು. 'ಕ್ಯೂರ್', ಅಂದರೆ ವಾಸಿ ಮಾಡುತ್ತದೆ ಅಂತ ಗಾಜಿನಲ್ಲೇ ಉಬ್ಬಿಸಿದ ಬಾಟಲಿ ಇದ್ದರೆ ಅದು ಹೆಚ್ಚಾಗಿ ಆ ಕಾಯ್ದೆಗಿಂತ ಹಿಂದಿನದು. ಎಚ್. ಎಚ್. ವಾರ್ನರ್ ಅನ್ನುವವನು ಮೊದಲು ತಿಜೋರಿ ಮಾರುತ್ತಿದ್ದ. ಆಮೇಲೆ ಔಷಧಿಗೆ ಇಳಿದು ಬಾಟಲಿಯ ಮೇಲೂ ತಿಜೋರಿಯ ಚಿತ್ರವನ್ನೇ ಉಬ್ಬಿಸಿ 'ಸೇಫ್ ಕ್ಯೂರ್' ಅಂತ ಹೆಸರಿಟ್ಟ. ಕಾಯ್ದೆ ಬಂದ ಮೇಲೆ ಅದೇ 'ಸೇಫ್ ರೆಮಿಡಿ' ಆಯಿತು. ವಾಸಿ ಹೋಗಿ ಬರೀ ಮದ್ದು ಉಳಿಯಿತು.

ನಮ್ಮ ಕಡೆಯ ಬಾಟಲಿ

ಪಕ್ಕಾ ನಮ್ಮ ಮನೆಯ ಕಪಾಟಿನ ಸಾಮಾನುಗಳಿಗೂ ಇದೇ ಕುಲ. ವುಡ್‌ವರ್ಡ್ಸ್ ಗ್ರೈಪ್ ವಾಟರ್ 1851ರಲ್ಲಿ ಇಂಗ್ಲೆಂಡಿನ ನಾಟಿಂಗ್ಹ್ಯಾಮ್‌ನಲ್ಲಿ ಹುಟ್ಟಿದ್ದು. ಹಳೇ ಪಾಕದಲ್ಲಿ ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆಯ ಜೊತೆ ಶೇಕಡಾ 3.6ರಷ್ಟು ಆಲ್ಕೋಹಾಲೂ ಇತ್ತು. ಲೇಬಲ್ಲಿನಲ್ಲಿ ಎರಡು ಹಾವು ಹಿಸುಕುತ್ತಿರುವ ಕೂಸು ಗ್ರೀಕ್ ಪುರಾಣದ ಹರ್ಕ್ಯುಲಿಸ್. ನಮ್ಮಜ್ಜಿ ಅದನ್ನು ಕಾಳಿಂಗಮರ್ದನದ ಕೃಷ್ಣ ಅಂತಲೇ ನಂಬಿದ್ದರು, ಖಾಲಿ ಬಾಟಲಿಯನ್ನೂ ಎಸೆಯಲು ಬಿಡುತ್ತಿರಲಿಲ್ಲ.

ಅಮೃತಾಂಜನವನ್ನು ಕಾಶೀನಾಥುನಿ ನಾಗೇಶ್ವರ ರಾವ್ 1893ರಲ್ಲಿ ಮುಂಬೈನಲ್ಲಿ ಶುರು ಮಾಡಿದರು. ಸಂಗೀತ ಕಚೇರಿಗಳಲ್ಲಿ ಪುಕ್ಕಟೆ ಹಂಚಿ ಹೆಸರು ಮಾಡಿದರು ಅನ್ನುತ್ತಾರೆ. ಎಂಥ ಲೆಕ್ಕಾಚಾರ ನೋಡಿ, ಮೂರು ಗಂಟೆ ಕೂತವರ ತಲೆ ತಾನಾಗಿಯೇ ಹಿಡಿದಿರುತ್ತದೆ. ನಂಜನಗೂಡಿನ ಸದ್ವೈದ್ಯಶಾಲೆಯನ್ನು ಬಿ. ವಿ. ಪಂಡಿತರು 1913ರಲ್ಲಿ ತೆರೆದರು, ಅವರ ಹಲ್ಲುಪುಡಿಯ ಗುಲಾಬಿ ಬಣ್ಣ ಒಂದು ಕಾಲದ ಬಚ್ಚಲುಮನೆ ಗೋಡೆಗಳಲ್ಲೆಲ್ಲ ಇತ್ತು. ಕಲಬುರಗಿ, ಬೀದರ್ ಕಡೆಯವರಿಗೆ ಹೈದರಾಬಾದಿನ ಜಿಂದಾ ತಿಲಿಸ್ಮಾತ್ ಎಂಬ ಮದ್ದಿನ ಬಗ್ಗೆ ಹೇಳಿಕೊಡಬೇಕಿಲ್ಲ, ಅದು 1920ರದ್ದು. ಇವರನ್ನೆಲ್ಲ ವಿನ್ಸ್ಲೋ ಸಿರಪ್ಪಿನ ಪಕ್ಕ ಕೂರಿಸುವುದು ಅನ್ಯಾಯ. ಕರ್ಪೂರ, ಪುದೀನ ಸತ್ವ, ನೀಲಗಿರಿ ಎಣ್ಣೆಯಂಥ ಪದಾರ್ಥಕ್ಕೂ ಅಫೀಮಿಗೂ ಎಲ್ಲಿಂದೆಲ್ಲಿಗೆ? ಮಾರುವ ಕಲೆ ಮಾತ್ರ ಒಂದೇ: ಒಂದು ಮುಖ, ಒಂದು ಬಣ್ಣ, ಮರೆಯದ ಬಾಟಲಿ.

ಇಲ್ಲಿ ಈ ವ್ಯಾಪಾರಕ್ಕೆ ರೆಕ್ಕೆ ಕೊಟ್ಟದ್ದು ಅಂಚೆ. 1877ರಲ್ಲಿ ವಿ.ಪಿ.ಪಿ. ಬಂತು, ಪಾರ್ಸೆಲ್ ಕೈಗೆ ಬಂದಾಗ ದುಡ್ಡು ಕೊಟ್ಟರಾಯಿತು. ಅವೆನ್ಯೂ ರಸ್ತೆಯಲ್ಲಿ ಹಳೇ ಮಾಸಪತ್ರಿಕೆ ಸಿಕ್ಕರೆ ಕಥೆಗಿಂತ ಮೊದಲು ಹಿಂದಿನ ಪುಟ ನೋಡಿ. ನರದೌರ್ಬಲ್ಯ, ಧಾತುಪುಷ್ಟಿ, ಸಂತಾನಭಾಗ್ಯ, ಕೊನೆಯಲ್ಲಿ "ಇಂದೇ ಬರೆಯಿರಿ". ಅಮೆರಿಕದ ಏಯರ್ ಕಂಪನಿ ತನ್ನ ಔಷಧಿ ಮಾರಲು ವರ್ಷವರ್ಷ ಪುಕ್ಕಟೆ ಪಂಚಾಂಗ ಹಂಚುತ್ತಿತ್ತು. ಗೋಡೆಗೆ ತೂಗುಹಾಕಿದ ದೇವರ ಕ್ಯಾಲೆಂಡರಿನ ಕೆಳಗೆ ಔಷಧಿ ಹೆಸರು ನೋಡಿ ಬೆಳೆದ ನಮಗೆ ಅದರ ಮರ್ಮ ವಿವರಿಸಬೇಕಿಲ್ಲ.

ಸ್ವತಂತ್ರ ಭಾರತ 1954ರಲ್ಲಿ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ತಂದು, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮುಂತಾದವನ್ನು ವಾಸಿ ಮಾಡುತ್ತೇವೆ ಅನ್ನುವ ಜಾಹೀರಾತನ್ನೇ ನಿಷೇಧಿಸಿತು. ಮೆಜೆಸ್ಟಿಕ್ಕಿನ ಕಾಂಪೌಂಡ್ ಗೋಡೆಗಳಿಗೆ ಈ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಶುರು ಮಾಡುವವರಿಗೆ

ಗೋಲಿ ಸೋಡಾ ಬಾಟಲಿಯಿಂದ ಶುರು ಮಾಡಿ. ಅದು ಔಷಧಿಯದಲ್ಲ, ಆದರೆ ಸುಲಭಕ್ಕೆ ಸಿಗುತ್ತದೆ. ಹಿರಾಮ್ ಕಾಡ್ ಅನ್ನುವ ಇಂಗ್ಲಿಷಿನವನು 1870ರ ದಶಕದಲ್ಲಿ ಮಾಡಿದ ಆ ಕತ್ತು, ಗಾಜು ಓದಲು ಒಳ್ಳೇ ಪಾಠ. ಆಮೇಲೆ ಉಬ್ಬು ಅಕ್ಷರದ ಬಾಟಲಿ ಹುಡುಕಿ.

ಔಷಧಿ ಇನ್ನೂ ಒಳಗೇ ಇರುವ ಬಾಟಲಿ ಸಿಕ್ಕರೆ ಕುಣಿಯಬೇಡಿ. ಮೂಸಬೇಡಿ, ನಾಲಿಗೆಗೆ ಹಚ್ಚಬೇಡಿ, ಸಿಂಕಿಗೆ ಸುರಿಯಬೇಡಿ. ಹಳೇ ಔಷಧಿಗಳಲ್ಲಿ ಪಾದರಸ, ಆರ್ಸೆನಿಕ್ ಎಲ್ಲ ಇರುತ್ತಿದ್ದವು. ಅಫೀಮು ಇದ್ದರೆ ಇವತ್ತಿನ ಕಾನೂನಿನ ತಲೆನೋವೂ ಸೇರಿಕೊಳ್ಳುತ್ತದೆ. ಎಲ್ಲಕ್ಕಿಂತ ಭಯಂಕರ ರೇಡಿಥಾರ್. 1920ರ ದಶಕದಲ್ಲಿ ಅಮೆರಿಕದಲ್ಲಿ ಶಕ್ತಿಗೆ ಅಂತ ಮಾರಿದ ರೇಡಿಯಂ ನೀರು ಅದು. ಎಬೆನ್ ಬೈಯರ್ಸ್ ಎಂಬ ಶ್ರೀಮಂತ ಬಾಟಲಿಗಟ್ಟಲೆ ಕುಡಿದು, ದವಡೆ ಕರಗಿ, 1932ರಲ್ಲಿ ಸತ್ತ. ರೇಡಿಯಂ ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ಅದರ ಪುಟ್ಟ ಬಾಟಲಿಗಳು ಈಗಲೂ ವಿಕಿರಣ ಸೂಸುತ್ತವೆ. ಖಾಲಿಯಾದರೂ ಕಪಾಟಿನಲ್ಲಿಡುವ ಸಾಮಾನಲ್ಲ.

ತೊಳೆಯಲು ಆಸಿಡ್ ಬೇಡ. ಅಜ್ಜಿಯಂದಿರ ಉಪಾಯ ಸಾಕು: ಒಂದು ಹಿಡಿ ಅಕ್ಕಿ, ಸ್ವಲ್ಪ ಸೋಪಿನ ನೀರು ಹಾಕಿ ಕುಲುಕುವುದು. ಮಣ್ಣಲ್ಲಿ ಹೂತಿದ್ದ ಗಾಜಿನ ಮೇಲಿನ ಮಂಜು ಮಾತ್ರ ಹೋಗುವುದಿಲ್ಲ, ಅದು ಕೊಳೆಯಲ್ಲ, ಗಾಜೇ ಸವೆದಿರುವುದು. ಕಾಗದದ ಲೇಬಲ್ ಇದ್ದರೆ ನೀರಿನ ಹತ್ತಿರವೂ ತರಬೇಡಿ. ಮೊದಮೊದಲು ನಾನೊಂದು ಮುಲಾಮು ಸೀಸೆಯನ್ನು ರಾತ್ರಿ ಬಕೆಟ್ಟಿನಲ್ಲಿ ನೆನೆಹಾಕಿದೆ. ಕನ್ನಡ, ತಮಿಳು, ತೆಲುಗು, ಇಂಗ್ಲಿಷ್ ನಾಲ್ಕರಲ್ಲೂ ಅಚ್ಚಾಗಿದ್ದ ಲೇಬಲ್. ಬೆಳಗ್ಗೆ ಬಕೆಟ್ಟಿನಲ್ಲಿ ಕಾಗದದ ಗಂಜಿ ಇತ್ತು, ಸೀಸೆ ಥಳಥಳ ಹೊಳೆಯುತ್ತಿತ್ತು. ಹೆಸರಿಲ್ಲದ ಆ ಸೀಸೆಗೆ ಈಗ ಹತ್ತು ರೂಪಾಯಿಯೂ ಬಾಳುವುದಿಲ್ಲ.

ನಾನು ಬಹಳ ದಿನ ಹುಡುಕಿದ್ದು ಪೇಟೆಂಟ್ ಬಾಟಲಿಯನ್ನೇ ಅಲ್ಲ, ಅದರ ಎದುರಾಳಿಯನ್ನು. ಸರ್ಕಾರಿ ಆಸ್ಪತ್ರೆಯ ಮಿಕ್ಸ್ಚರ್ ಬಾಟಲಿ. ಮನೆಯಿಂದ ಖಾಲಿ ಬಾಟಲಿ ಒಯ್ದರೆ ಕಂಪೌಂಡರ್ ದೊಡ್ಡ ಜಾಡಿಯಿಂದ ಗುಲಾಬಿ ಬಣ್ಣದ ದ್ರವ ಬಗ್ಗಿಸಿ, ಕಾಗದದ ಪಟ್ಟಿಯೊಂದನ್ನು ಕತ್ತರಿಯಲ್ಲಿ ಹಲ್ಲುಹಲ್ಲಾಗಿ ಕತ್ತರಿಸಿ ಅಂಟಿಸುತ್ತಿದ್ದ. ಒಂದು ಹಲ್ಲಿಗೆ ಒಂದು ಹೊತ್ತಿನ ಔಷಧಿ. ಹೆಸರಿಲ್ಲ, ಮುಖವಿಲ್ಲ, ಭರವಸೆಯಿಲ್ಲ. ಅದಕ್ಕೇ ಯಾರೂ ಎತ್ತಿಡಲಿಲ್ಲ. ಬಾಟಲಿ ಉಳಿದರೂ ಪಟ್ಟಿ ಉಳಿಯುತ್ತಿರಲಿಲ್ಲ.

ಹೋದ ತಿಂಗಳು ಅದೇ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ, ಬಲ್ಬ್ ಹೋಲ್ಡರುಗಳ ತಟ್ಟೆಯಲ್ಲಿ ಒಂದು ಕಂಡಿತು. ಕತ್ತು ನೋಡಿದೆ. ಗೆರೆ ಬಾಯಿ ದಾಟಿತ್ತು, ಯಂತ್ರದ ಬಾಟಲಿ, ಅಂಥ ಹಳೇದೇನಲ್ಲ. ಪಟ್ಟಿಯಲ್ಲಿ ಆರು ಹಲ್ಲು, ಆರೂ ಇದ್ದವು. ತಳದಲ್ಲಿ ಒಣಗಿದ ಗುಲಾಬಿ ಕಲೆ. "ಬ್ರಿಟಿಷ್ ಕಾಲದ್ದು ಸಾರ್, ಇನ್ನೂರು" ಅಂದ. ಕೊಟ್ಟುಬಿಟ್ಟೆ.